ಫ್ಯಾನ್ಸಿ ಮತ್ತು ಇಮ್ಯಾಜಿನೇಷನ್

ಕನ್ನಡನಾಡಿನ ಯಾವ ಪೇಟೆಯ ಬೀದಿಯಲ್ಲಿ ನಡೆದರೂ ‘ಫ್ಯಾನ್ಸಿ ಸ್ಟೋರ್’ ಎಂಬ ಹಲಗೆಯನ್ನು ತೂಗಿಸಿಕೊಂಡ ಅಂಗಡಿಯೊಂದು ಕಣ್ಣಿಗೆ ಬೀಳುವುದು. ಬಳೆ, ರಿಬ್ಬನ್ನು, ಹಣೆಬೊಟ್ಟು, ಬಣ್ಣದ ಮಣಿಸರ ಇವೇ ಅಲ್ಲಿಯ ಸರಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ರಾಜನಾಗಿ, ಜೋಗಿಯಾಗಿ, ಹಣ್ಣು ಮಾರುವವಳಾಗಿ ಬಂದು ನಿಲ್ಲುವ ವೇಷದ ಸ್ಪರ್ಧೆಗೂ ಅದೇ ಪದ ಸಂದಿದೆ. ಇಂಥ ಪದವು ಒಂದು ಕಾಲದಲ್ಲಿ ಕವಿಯ ಪರಮಶಕ್ತಿಗೆ ಹೆಸರಾಗಿತ್ತೆಂದರೆ ಕೇಳಿದವರು ನಗಬಹುದು. ಆದರೆ ಅದು ನಿಜ. ಅದರ ಜೊತೆಯಲ್ಲಿಯೇ, ಅದೇ ಅರ್ಥದಲ್ಲಿಯೇ ಬೆಳೆದ ಇಮ್ಯಾಜಿನೇಷನ್ ಎಂಬ ಪದವಾದರೋ ಅಂಗಡಿಯ ಹಲಗೆಗೆ ಇಳಿಯದೆ ಕವಿ, ತತ್ತ್ವಜ್ಞ, ವಿಜ್ಞಾನಿ ಮೊದಲಾದವರ ಅತಿಶಯವನ್ನು ಹೇಳುವ ಮಾತಾಗಿ ಉಳಿದಿದೆ. ಒಂದೇ ಅರ್ಥದ ಎರಡು ಪದಗಳಲ್ಲಿ ಒಂದು ಇಳಿದು ಮತ್ತೊಂದು ಏರಿದುದು ಹೇಗೆ? ಆ ಭೇದವನ್ನು ಕಂಡುಕೊಂಡುದರಿಂದ ಕಾವ್ಯವನ್ನು ಓದುವವರಿಗೆ ಆದ ಲಾಭವೇನು? ಕನ್ನಡದಲ್ಲಿ ಎರಡನ್ನೂ ‘ಕಲ್ಪನೆ’ ಎಂದೇ ಕರೆದು ಸುಮ್ಮನಾಗುವುದರಿಂದ ಏನಾದರೂ ನಷ್ಟವುಂಟೆ? ಈ ಮೂರು ಪ್ರಶ್ನೆಗಳು ಸಾಹಿತ್ಯಪ್ರಿಯರ ವಿಚಾರಕ್ಕೆ ಅರ್ಹವಾದುವು.

ಹುಟ್ಟಿನಲ್ಲಿ ಇವೆರಡೂ ಒಂದೇ ಪದಾರ್ಥಕ್ಕೆ ಎರಡು ಭಾಷೆಗಳು ಕೊಟ್ಟ ಹೆಸರುಗಳು. ತೋರುವುದು, ಕಾಣಿಸಿಕೊಳ್ಳುವುದು ಎಂಬ ಅರ್ಥದ ಧಾತುವಿನಿಂದ ಗ್ರೀಕರು ‘ಫಾಂಟಾಸಿಯಾ’ ಎಂಬ ಪದವನ್ನು ಮಾಡಿಕೊಂಡರು. ಪ್ರತಿಮೆ, ಪಡಿರೂಪ ಎಂಬ ಅರ್ಥವುಳ್ಳ ‘ಇಮಾಗೊ’ ಶಬ್ದದ ಸಂಬಂಧದಿಂದ ಲ್ಯಾಟಿನ್ನಿನಲ್ಲಿ ‘ಇಮಾಜಿನಾಟಿಯೊ’ ಎಂಬ ಪದವಾಯಿತು. ಎರಡೂ ಇಂಗ್ಲೆಂಡಿಗೆ ಬಂದು ಸೇರಿದುವು. ಮೊದಲನೆಯದು ‘ಫ್ಯಾಂಟಸಿ’ಯಾಗಿ, ನಾಲಗೆಯ ಮೇಲೆ ಸವೆದು ‘ಫ್ಯಾನ್ಸಿ’ಯಾಯಿತು. ಎರಡನೆಯದು ತನ್ನ ದೀರ್ಘಾಕಾರವನ್ನು ಬಿಡದೆ ಪಂಡಿತಸಭೆಗೆ ಒಪ್ಪುವಂತೆ ಉಳಿಯಿತು. ಕಣ್ಣಮುಂದೆ ಇಲ್ಲದ ವಸ್ತುವನ್ನು ಮನಸ್ಸು ರೂಪಿಸಿಕೊಳ್ಳುವ ಶಕ್ತಿ ಎಂಬುದೇ ಎರಡಕ್ಕೂ ಅರ್ಥ. ೧೭೧೨ರಲ್ಲಿ ಆಡಿಸನ್ನನು ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಈ ಶಕ್ತಿಯ ಆನಂದಗಳನ್ನು ಕುರಿತು ಲೇಖನಮಾಲೆಯನ್ನು ಬರೆದಾಗ ಎರಡು ಪದಗಳನ್ನೂ ಭೇದವಿಲ್ಲದೆ ಬಳಸುವುದಾಗಿ ಮೊದಲಿಗೇ ತಿಳಿಸಿದನು. ೧೭೫೫ರಲ್ಲಿ ಹೊರಬಂದ ಡಾಕ್ಟರ್ ಜಾನ್ಸನ್ನನ ನಿಘಂಟಿನಲ್ಲಿ ಫ್ಯಾನ್ಸಿಗೆ ಅರ್ಥ ಹುಡುಕಿದರೆ ಇಮ್ಯಾಜಿನೇಷನ್ ಎಂದಿದೆ. ಇಮ್ಯಾಜಿನೇಷನ್ನಿಗೆ ಹುಡುಕಿದರೆ ಫ್ಯಾನ್ಸಿ ಎಂದಿದೆ. ಎರಡು ಮನೆಗಳಿಗೆ ಒಂದೇ ಅಂಗಳವಿದ್ದಂತೆ ಇದ್ದಿತು ಆಗಿನ ಸ್ಥಿತಿ.

ಆ ಅಂಗಳದ ನಡುವೆ ಗೋಡೆಯನ್ನು ಎತ್ತಿದವನು ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ (೧೭೭೨-೧೮೩೪). ಬೇರೆ ಬೇರೆ ಮೂಲಗಳಿಂದ ಬಂದು ಒಂದೇ ಅರ್ಥದಲ್ಲಿ ನಿಂತ ಪದಗಳನ್ನು ಜನಸಮುದಾಯದ ವಿವೇಕವು ತನಗೇ ತಿಳಿಯದಂತೆ ಮೆಲ್ಲಮೆಲ್ಲನೆ ಬಿಡಿಸಿ, ಒಂದೊಂದಕ್ಕೂ ಒಂದೊಂದು ಕೆಲಸವನ್ನು ಹಂಚಿಕೊಡುತ್ತದೆ ಎಂಬುದು ಅವನ ಮತ. ಪರ್ಯಾಯಪದಗಳನ್ನು ಹೀಗೆ ಬಿಡಿಸುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಒಂದು ಹೊಸ ಪದವನ್ನೇ ಅವನು ಟಂಕಿಸಿದನು. ಕನ್ನಡಿಗರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. ಕೂಳು ಎಂಬುದು ಹಳಗನ್ನಡದಲ್ಲಿ ಮಾನವಂತ ಪದ. ಅನ್ನವೆಂಬುದಕ್ಕೂ ಅದಕ್ಕೂ ಹೆಚ್ಚುಕಡಮೆಯಿರಲಿಲ್ಲ. ಇಂದು ಅತಿಥಿಯ ಎಲೆಗೆ ಅನ್ನ ಬಡಿಸುವರು. ಕೂಳೆಂಬುದು ಬೈಗುಳದ ಜೊತೆಗೆ ಮಾತ್ರ ಬರುತ್ತದೆ. ಇದನ್ನು ಯಾವ ವೈಯಾಕರಣನೂ ವಿಧಿಸಲಿಲ್ಲ. ಆದರೆ ಫ್ಯಾನ್ಸಿ, ಇಮ್ಯಾಜಿನೇಷನ್‌ಗಳ ವಿಷಯದಲ್ಲಿ ಕೋಲ್‌ರಿಜನು ಭಾಷೆಯು ತಾನಾಗಿ ಮಾಡುವವರೆಗೆ ಕಾಯಲಿಲ್ಲ. ಅವನಿಗೆ ಅವಸರದ ಕಾರಣವೊಂದಿತ್ತು.

ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ವರ್ಡ್ಸ್‌ವರ್ತನ ಪರಿಚಯವಾಯಿತು. ಇನ್ನೂ ಅಚ್ಚಾಗದ ಒಂದು ಕವನವನ್ನು ಗೆಳೆಯನು ತಾನೇ ಓದಿ ಹೇಳಿದನು. ಅದರಲ್ಲಿ ಹಿಂದಿನ ಕವಿಗಳ ಶೃಂಗಾರಸಾಮಗ್ರಿಯೊಂದೂ ಇರಲಿಲ್ಲ. ಎಲ್ಲರೂ ನಿತ್ಯ ಕಾಣುವ ವಸ್ತುಗಳೇ ಇದ್ದುವು. ಆದರೆ ರೂಢಿಯು ಮಸಕುಮಾಡಿದ್ದ ಆ ವಸ್ತುಗಳ ಮೇಲೆ ಮೊದಲ ದಿನದ ಮಂಜಿನಹನಿ ಕೂತಂತೆ ಅವನಿಗೆ ತೋರಿತು. ಇದು ಯಾವ ಶಕ್ತಿಯಿಂದ ಆಯಿತು? ಚಮತ್ಕಾರದ ಉಪಮೆಗಳನ್ನು ಹೊಸೆಯುವ ಶಕ್ತಿಯಂತೂ ಇದಲ್ಲ. ಹಾಗಾದರೆ ಒಂದೇ ಹೆಸರಿನಡಿಯಲ್ಲಿ ಎರಡು ಬೇರೆ ಶಕ್ತಿಗಳು ಅಡಗಿರಬೇಕೆಂಬ ಸಂಶಯ ಅವನಲ್ಲಿ ಮೊಳೆಯಿತು. ಪದಭೇದವು ನಿಘಂಟಿನಲ್ಲಿ ಹುಟ್ಟಲಿಲ್ಲ. ಗೆಳೆಯನೊಬ್ಬನ ಕವನವನ್ನು ಕೇಳಿದ ಕಿವಿಯಲ್ಲಿ ಹುಟ್ಟಿತು. ಇದನ್ನು ಮರೆತವರ ಕೈಯಲ್ಲಿ ಆ ಭೇದವು ಒಣ ಲಕ್ಷಣವಾಗಿಬಿಡುತ್ತದೆ.

ಇಪ್ಪತ್ತು ವರ್ಷಗಳ ಚಿಂತನೆಯ ಫಲವನ್ನು ಅವನು ೧೮೧೭ರಲ್ಲಿ ಪ್ರಕಟವಾದ ‘ಬಯೋಗ್ರಾಫಿಯಾ ಲಿಟರೇರಿಯಾ’ ಎಂಬ ಗ್ರಂಥದಲ್ಲಿ ನಿರೂಪಿಸಿದನು. ಅದರ ಸಾರಾಂಶವಿಷ್ಟು. ಫ್ಯಾನ್ಸಿಯು ಸಿದ್ಧವಸ್ತುಗಳೊಡನೆ ಆಡುವ ಶಕ್ತಿ. ನೆನಪಿನ ಉಗ್ರಾಣದಲ್ಲಿ ಏನಿದೆಯೋ ಅದನ್ನೇ ದೇಶಕಾಲಗಳ ಕಟ್ಟಿನಿಂದ ಬಿಡಿಸಿ, ಇಷ್ಟಬಂದಂತೆ ಆರಿಸಿ, ಒಂದರ ಪಕ್ಕದಲ್ಲಿ ಒಂದನ್ನು ಇಡುತ್ತದೆ. ಇಟ್ಟ ಮೇಲೆಯೂ ವಸ್ತುಗಳು ಹಿಂದಿನಂತೆಯೇ ಇರುತ್ತವೆ. ಇಮ್ಯಾಜಿನೇಷನ್ನಾದರೋ ವಸ್ತುಗಳನ್ನು ಕರಗಿಸುತ್ತದೆ. ಕರಗಿಸಿ ಹೊಸದಾಗಿ ಎರಕಹೊಯ್ಯುತ್ತದೆ. ಕರಗಿಸಲು ಆಗದೆ ಹೋದಲ್ಲಿಯೂ ಒಂದುಗೂಡಿಸಲು ಹೆಣಗುತ್ತದೆ. ಮೊದಲನೆಯದು ಹಾರವನ್ನು ಪೋಣಿಸುವ ಕೆಲಸ. ಹೂವು ಹೂವಾಗಿ, ದಾರ ದಾರವಾಗಿ ಉಳಿಯುತ್ತವೆ. ಎರಡನೆಯದು ಹೆಪ್ಪುಬಿಟ್ಟ ಹಾಲಿನಂತೆ. ಅಲ್ಲಿ ಮರಳಿ ಹಾಲನ್ನೂ ಹೆಪ್ಪನ್ನೂ ಬೇರ್ಪಡಿಸಲಾಗದು.

ಉದಾಹರಣೆಗೆಂದು ಅವನು ಎರಡು ನಾಟಕಗಳಿಂದ ಹುಚ್ಚಿನ ಮಾತುಗಳನ್ನು ಎತ್ತಿಕೊಂಡನು. ಮೊದಲನೆಯದು ಆಟ್‌ವೇ ಕವಿಯ ‘ವೆನಿಸ್ ಪ್ರಿಸರ್ವ್ಡ್’ ನಾಟಕದ ನಾಯಿಕೆ ಬುದ್ಧಿ ಕದಡಿದಾಗ ಆಡುವ ಮಾತು. ಅಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ವಿಚಿತ್ರವಸ್ತುಗಳ ಪಟ್ಟಿ. ಎರಡನೆಯದು ಬಿರುಗಾಳಿಯ ರಾತ್ರಿಯಲ್ಲಿ ಲಿಯರ್ ದೊರೆಯು ಬೆತ್ತಲೆ ಭಿಕಾರಿಯೊಬ್ಬನನ್ನು ಕಂಡು, ಇವನಿಗೂ ಈ ಗತಿ ಬಂದುದು ಹೆಣ್ಣುಮಕ್ಕಳಿಂದಲೇ ಎಂದು ಕೇಳುವ ಮಾತು. ಭಿಕಾರಿಗೆ ಮಕ್ಕಳೇ ಇಲ್ಲ. ಆದರೆ ಮಕ್ಕಳಿಂದ ಒಡೆದ ಆ ತಂದೆಯ ಹೃದಯದಲ್ಲಿ ಜಗತ್ತಿನ ದುಃಖವೆಲ್ಲ ಒಂದೇ ಬಣ್ಣಕ್ಕೆ ತಿರುಗಿದೆ. ಗಾಳಿ, ಮಳೆ, ಭಿಕಾರಿಯ ಬತ್ತಲೆ ಮೈ ಎಲ್ಲವೂ ಆ ಒಂದು ಭಾವದಲ್ಲಿ ಕರಗಿವೆ. ಇಲ್ಲೊಂದು ಸ್ವಾರಸ್ಯವುಂಟು. ಆಟ್‌ವೇಯ ಪಟ್ಟಿಯಲ್ಲಿ ಲಾರೆಲ್ ಎಲೆಗಳು ಇವೆ. ಕೋಲ್‌ರಿಜನು ನೆನಪಿನಿಂದ ಬರೆಯುವಾಗ ಅವು ಲಾಬ್‌ಸ್ಟರ್ ಎಂಬ ಕಡಲ ಪ್ರಾಣಿಗಳಾಗಿ ಮಾರ್ಪಟ್ಟವು. ಆದರೂ ಮಾತಿಗೆ ಯಾವ ಕುಂದೂ ಬಂದಂತೆ ತೋರುವುದಿಲ್ಲ! ಒಂದನ್ನು ತೆಗೆದು ಮತ್ತೊಂದನ್ನು ಇಟ್ಟರೂ ಕೆಡದಿರುವುದೇ ಫ್ಯಾನ್ಸಿಯ ಗುರುತು. ಲಿಯರನ ಮಾತಿನಲ್ಲಿ ಹೆಣ್ಣುಮಕ್ಕಳನ್ನು ತೆಗೆದು ಬೇರೇನನ್ನು ಇಡಲಾದೀತು? ಆಚಾರ್ಯನ ಮರೆವು ಅವನ ಸಿದ್ಧಾಂತಕ್ಕೆ ಅವನ ವಾದಕ್ಕಿಂತ ಬಲವಾದ ಸಾಕ್ಷಿಯಾಯಿತು.

ಗೆಳೆಯನಾದ ವರ್ಡ್ಸ್‌ವರ್ತನು ಈ ವಿಭಾಗವನ್ನು ಒಪ್ಪಿದರೂ ಪೂರ್ತಿಯಾಗಿ ಒಪ್ಪಲಿಲ್ಲ. ೧೮೧೫ರಲ್ಲಿ ತನ್ನ ಕವನಗಳನ್ನು ಎರಡು ಸಂಪುಟಗಳಲ್ಲಿ ಹೊರಡಿಸಿದಾಗ ಫ್ಯಾನ್ಸಿಯ ಕವನಗಳು, ಇಮ್ಯಾಜಿನೇಷನ್ನಿನ ಕವನಗಳು ಎಂದು ಅವನ್ನು ಬೇರೆಬೇರೆಯಾಗಿ ವಿಂಗಡಿಸಿದನು. ಆದರೆ ಕೂಡಿಸುವುದು, ಹೊಂದಿಸುವುದು ಎರಡು ಶಕ್ತಿಗಳ ಕೆಲಸವೂ ಅಹುದೆಂದೂ, ಫ್ಯಾನ್ಸಿಗೂ ಸೃಷ್ಟಿಸಾಮರ್ಥ್ಯವುಂಟೆಂದೂ ಮುನ್ನುಡಿಯಲ್ಲಿ ವಾದಿಸಿದನು. ಅವನ ಎಣಿಕೆಯಲ್ಲಿ ಒಂದು ಮನುಷ್ಯನ ಅಲ್ಪಕಾಲದ ಅಂಶವನ್ನು ನಲಿಸುವುದು, ಮತ್ತೊಂದು ಅವನ ನಿತ್ಯಾಂಶವನ್ನು ಎತ್ತಿಹಿಡಿಯುವುದು.

ಅವನ ವಿಂಗಡಣೆಯಿಂದಲೇ ಎರಡು ಕವನಗಳನ್ನು ತೆಗೆದು ನೋಡಿದರೆ ಭೇದವು ಅಂಗೈ ನೆಲ್ಲಿಯಾಗುತ್ತದೆ. ಡೇಸಿ ಎಂಬ ಪುಟ್ಟ ಹೂವನ್ನು ಕುರಿತ ಕವನವೊಂದು ಫ್ಯಾನ್ಸಿಯ ಭಾಗದಲ್ಲಿದೆ. ಹೂವು ಸಂನ್ಯಾಸಿನಿಯಂತೆ ಕಾಣುತ್ತದೆ, ಮರುಗಳಿಗೆಗೆ ರಾಣಿಯಾಗುತ್ತದೆ, ಆಮೇಲೆ ಒಕ್ಕಣ್ಣ ರಾಕ್ಷಸನಾಗಿ, ತಾರೆಯಾಗಿ ತೋರಿ, ಕಡೆಗೆ ಮರಳಿ ಹೂವೇ ಆಗುತ್ತದೆ. ಕವಿಯೇ ಇದನ್ನು ಆಟವೆಂದು ಒಪ್ಪಿಕೊಂಡಿದ್ದಾನೆ. ಓದುಗನಿಗೂ ಆಟದ ಸಂತೋಷ ದೊರೆಯುತ್ತದೆ. ರಾಕ್ಷಸನ ಬದಲು ಇನ್ನೇನನ್ನಾದರೂ ತಂದಿದ್ದರೂ ಆಟವು ನಿಲ್ಲುತ್ತಿರಲಿಲ್ಲ.

ಇನ್ನೊಂದು ಕವನದಲ್ಲಿ ಬೆಟ್ಟದ ಮೇಲಣ ಮಡುವಿನ ದಡದಲ್ಲಿ ಜಿಗಣೆ ಹಿಡಿದು ಮಾರಿ ಹೊಟ್ಟೆಹೊರೆಯುವ ಮುದುಕನೊಬ್ಬನು ನಿಂತಿದ್ದಾನೆ. ಅವನು ಬೋಳುಗುಡ್ಡದ ನೆತ್ತಿಯಲ್ಲಿ ಬಿದ್ದಿರುವ ಹೆಬ್ಬಂಡೆಯಂತೆ ಇದ್ದಾನೆ. ಆ ಬಂಡೆಯಾದರೋ ಕಡಲಿನಿಂದ ತೆವಳಿ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿರುವ ಜಂತುವಿನಂತೆ ಇದೆ. ಇಲ್ಲಿ ನಡೆದಿರುವುದೇನೆಂಬುದನ್ನು ವರ್ಡ್ಸ್‌ವರ್ತನು ಮುನ್ನುಡಿಯಲ್ಲಿ ತಾನೇ ಬಿಡಿಸಿ ತೋರಿಸಿದ್ದಾನೆ. ಬಂಡೆಗೆ ಜಂತುವಿನ ಜೀವದಿಂದ ಒಂದಂಶ ಬಂದಿತು. ಜಂತುವು ತನ್ನ ಜೀವದಿಂದ ಒಂದಂಶವನ್ನು ಕಳೆದುಕೊಂಡು ಬಂಡೆಗೆ ಹತ್ತಿರವಾಯಿತು. ಇವೆರಡರ ನಡುವೆ ಏರ್ಪಟ್ಟ ಸ್ಥಿತಿಯೇ ಮುದುಕನದು. ಪೂರ್ತಿ ಬದುಕಿಯೂ ಇಲ್ಲ, ಪೂರ್ತಿ ಸತ್ತೂ ಇಲ್ಲ, ನಿದ್ದೆಯಲ್ಲಿಯೂ ಇಲ್ಲ. ಮೂರು ವಸ್ತುಗಳು ಒಂದರಿಂದ ಒಂದು ಬಣ್ಣವನ್ನು ಪಡೆದು ಒಂದೇ ದರ್ಶನವಾಗಿವೆ. ಬಂಡೆಯನ್ನು ತೆಗೆದರೆ ಮುದುಕನು ಬೀಳುತ್ತಾನೆ. ಜಂತುವನ್ನು ತೆಗೆದರೆ ಬಂಡೆಯು ಜಡವಾಗುತ್ತದೆ. ಹೂವಿನ ಕವನದಲ್ಲಿ ಕವಿಯ ಜಾಣ್ಮೆ ಕಾಣುತ್ತದೆ. ಇಲ್ಲಿ ಮುದುಕನೇ ಕಾಣುತ್ತಾನೆ.

ಇಷ್ಟನ್ನು ಕಂಡ ಮೇಲೆ, ಈ ಭೇದವನ್ನು ಹೇಳಿದವನ ಸ್ವಂತ ಪಾಡೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ೧೮೦೨ನೆಯ ಏಪ್ರಿಲ್ ತಿಂಗಳಿನಲ್ಲಿ ಕೋಲ್‌ರಿಜನು ವಿಷಾದವನ್ನು ಕುರಿತ ದೀರ್ಘಗೀತವೊಂದನ್ನು ಬರೆಯಲಾರಂಭಿಸಿದನು. ಅದೇ ವರ್ಷದ ಅಕ್ಟೋಬರ್ ೪ರಂದು, ವರ್ಡ್ಸ್‌ವರ್ತನ ಮದುವೆಯ ದಿನ, ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಸಂಜೆಯ ಆಕಾಶ, ಮೋಡ, ಎಳೆಯ ಚಂದ್ರ ಎಲ್ಲವೂ ಎದುರಿಗಿವೆ. ಅವು ಚೆಲುವಾಗಿವೆಯೆಂದು ಕಣ್ಣು ಬಲ್ಲದು, ಎದೆಗೆ ಮಾತ್ರ ತಾಗುತ್ತಿಲ್ಲ. ತನಗೆ ಹುಟ್ಟಿನಿಂದ ಬಂದಿದ್ದ ರೂಪಣಶಕ್ತಿಯಾದ ಇಮ್ಯಾಜಿನೇಷನ್ನನ್ನು ಒಂದೊಂದು ದುಃಖವೂ ಕುಂಠಿತಗೊಳಿಸುತ್ತಿದೆಯೆಂದು ಅವನು ಆ ಗೀತದಲ್ಲಿ ಹಲುಬಿದನು. ಆಗ ಅವನಿಗೆ ಮೂವತ್ತು ವರ್ಷ ತುಂಬಿರಲಿಲ್ಲ. ಅಫೀಮಿನ ಬಂಧನ, ಮನೆಯ ಅಸಮಾಧಾನ, ಹದಗೆಟ್ಟ ಆರೋಗ್ಯ ಅವನನ್ನು ಸುತ್ತಿಕೊಂಡಿದ್ದುವು. ಮುಂದೆಯೂ ಅವನಲ್ಲಿ ನೆನಪು ಉಳಿಯಿತು, ಪಾಂಡಿತ್ಯ ಉಳಿಯಿತು, ಮಾತಿನ ಚಾತುರ್ಯ ಉಳಿಯಿತು; ಎಂದರೆ ಫ್ಯಾನ್ಸಿಗೆ ಬೇಕಾದ ಸಾಮಗ್ರಿಯೆಲ್ಲವೂ ಉಳಿಯಿತು. ಹೋದದ್ದು ಮತ್ತೊಂದು. ಎರಡೂ ಒಂದೇ ಆಗಿದ್ದರೆ ಒಂದು ಹೋಗಿ ಒಂದು ಉಳಿಯುವುದೆಂತು? ಮನೆಯಲ್ಲಿ ದೀಪವಾರಿದಾಗಲೇ ಎಣ್ಣೆ ಬೇರೆ, ಬೆಳಕು ಬೇರೆ ಎಂಬುದು ತಿಳಿಯುವಂತೆ, ಕಳೆದುಕೊಂಡವನಿಗೇ ಈ ಭೇದವು ಸ್ಪಷ್ಟವಾಯಿತು. ಗೆಳೆಯನಲ್ಲಿ ಕಂಡದ್ದನ್ನು ತನ್ನಲ್ಲಿ ಕಳೆದುಕೊಂಡುದೇ ಆ ಎರಡು ಪದಗಳ ಹಿಂದಿರುವ ಕಥೆ. ‘ಬಯೋಗ್ರಾಫಿಯಾ’ದ ಹದಿಮೂರನೆಯ ಅಧ್ಯಾಯದಲ್ಲಿ ಇಮ್ಯಾಜಿನೇಷನ್ನಿನ ತತ್ತ್ವವನ್ನು ವಿಸ್ತರಿಸಬೇಕಾದೆಡೆಯಲ್ಲಿ, ಈ ವಿಚಾರವನ್ನು ಸದ್ಯಕ್ಕೆ ನಿಲ್ಲಿಸೆಂದು ಮಿತ್ರನೊಬ್ಬನಿಂದ ಬಂದ ಕಾಗದವನ್ನು ಅವನು ಅಚ್ಚುಹಾಕಿದನು. ಆ ಕಾಗದವನ್ನು ಬರೆದವನು ಅವನೇ! ಅನಂತರ ಕೆಲವೇ ವಾಕ್ಯಗಳಲ್ಲಿ ಲಕ್ಷಣವನ್ನು ಹೇಳಿ ಅಧ್ಯಾಯವನ್ನು ಮುಗಿಸಿದನು. ಮಾತು ಕೊಟ್ಟಿದ್ದ ವಿಸ್ತಾರವಾದ ಗ್ರಂಥವು ಹೊರಬರಲೇ ಇಲ್ಲ.

ಈ ವಿಭಾಗಕ್ಕೆ ಆಕ್ಷೇಪಗಳೂ ಉಂಟು. ಮನಸ್ಸಿನಲ್ಲಿ ಎರಡು ಕೋಣೆಗಳಿವೆಯೆ, ಒಂದೇ ಶಕ್ತಿಯ ಹೆಚ್ಚು ಕಡಮೆಗಳಿಗೆ ಎರಡು ಹೆಸರೇ ಎಂಬುದು ಮುಖ್ಯವಾದ ಆಕ್ಷೇಪ. ೧೯೩೪ರಲ್ಲಿ ಐ. ಎ. ರಿಚರ್ಡ್ಸನು ಕೋಲ್‌ರಿಜನ ಈ ತತ್ತ್ವವನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಮನಸ್ಸಿನ ಕೋಣೆಗಳ ಜಗಳವನ್ನು ಬದಿಗಿಟ್ಟು, ಮಾತಿನ ಭಾಗಗಳು ಪರಸ್ಪರ ಹೇಗೆ ವರ್ತಿಸುತ್ತವೆಂಬುದನ್ನು ಅವನು ಪರೀಕ್ಷಿಸಿದನು. ಷೇಕ್ಸ್‌ಪಿಯರನ ‘ವೀನಸ್ ಅಂಡ್ ಅಡೋನಿಸ್’ ಕಾವ್ಯದಲ್ಲಿ ಕೈಯೊಳಗೆ ಹಿಡಿದ ಕೈಗೆ ಹಿಮದ ಸೆರೆಯಲ್ಲಿ ಸಿಕ್ಕ ನೈದಿಲೆಯಂಥ ಹೂವಿನ ಹೋಲಿಕೆಯಿದೆ. ಬಿಳುಪು, ಬಿಗಿತ ಇಷ್ಟೇ ಅಲ್ಲಿಯ ಸಾಮ್ಯ. ಹಿಮದ ಕೊರೆತವಾಗಲಿ ಸೆರೆಮನೆಯ ಭಯವಾಗಲಿ ಒಳಕ್ಕೆ ಬರುವುದಿಲ್ಲ, ಬಂದರೆ ಕೆಡುತ್ತದೆ. ಅದೇ ಕಾವ್ಯದಲ್ಲಿ ಇರುಳಿನಲ್ಲಿ ಅಗಲಿ ಹೋಗುವ ಅಡೋನಿಸನಿಗೆ ಬಾನಿನಿಂದ ಜಾರುವ ತಾರೆಯನ್ನು ಹೋಲಿಸಿದೆ. ಅಲ್ಲಿ ಚೆಲುವು, ವೇಗ, ಹಿಂದೆ ಉಳಿದ ಕತ್ತಲೆ, ನೋಡುತ್ತ ನಿಂತವಳ ಅಸಹಾಯತೆ, ಏನನ್ನು ಒಳಗೆ ಕರೆದರೂ ಎಲ್ಲವೂ ಸೇರಿಕೊಳ್ಳುತ್ತದೆ. ಹೋಲಿಕೆಯಲ್ಲಿ ಎಷ್ಟನ್ನು ಹೊರಗಿಡಬೇಕಾಗುತ್ತದೆಂಬುದೇ ಒರೆಗಲ್ಲು. ಇದಾದರೆ ಮನಶ್ಶಾಸ್ತ್ರದ ಅಂಗೀಕಾರಕ್ಕೆ ಕಾಯದೆ ಯಾವ ಓದುಗನಾದರೂ ಬಳಸಬಹುದಾದ ಸಾಧನ.

ಈಗ ಕನ್ನಡದ ಕಡೆಗೆ. ಇಮ್ಯಾಜಿನೇಷನ್ನಿಗೂ ಕಲ್ಪನೆ, ಫ್ಯಾನ್ಸಿಗೂ ಕಲ್ಪನೆ; ಸುಳ್ಳು ಕಟ್ಟುವುದಕ್ಕೂ ಕಲ್ಪನೆಯೇ. ಇದರಿಂದ ವಿಮರ್ಶೆಯಲ್ಲಿ ಒಂದು ಅಪಾಯ ಒದಗಿದೆ. ಉಪಮೆಗಳು ಹೆಚ್ಚಿದಷ್ಟೂ, ದೂರದವಾದಷ್ಟೂ ಕವಿಯ ಕಲ್ಪನೆಯು ಅದ್ಭುತವೆಂದು ಹೊಗಳುವ ರೂಢಿ ಬೆಳೆದಿದೆ. ಹೊಗಳಿಕೆಯು ಹಾರಕ್ಕೆ ಸಲ್ಲುತ್ತದೆಯೋ ಹೆಪ್ಪಿಗೆ ಸಲ್ಲುತ್ತದೆಯೋ ಹೊಗಳಿದವರಿಗೂ ತಿಳಿಯದು. ಕೆಲವರು ಇಮ್ಯಾಜಿನೇಷನ್ನಿಗೆ ‘ಪ್ರತಿಭೆ’ ಎಂಬ ಶಾಸ್ತ್ರಪದವನ್ನು ಇಟ್ಟು ಸಮಸ್ಯೆ ಪರಿಹಾರವಾಯಿತೆಂದು ಭಾವಿಸುವರು. ಪ್ರತಿಭೆಯು ಹಿರಿಯ ಪದ. ಆದರೆ ನವನವೋನ್ಮೇಷಗಳೆಲ್ಲಕ್ಕೂ ಅದು ತಾಯಿ. ಡೇಸಿ ಹೂವಿನ ಆಟವೂ ಅದರ ಮಗುವೇ, ಮುದುಕನ ದರ್ಶನವೂ ಅದರ ಮಗುವೇ. ತಾಯಿಯ ಹೆಸರನ್ನು ಒಂದು ಮಗುವಿಗೆ ಇಟ್ಟರೆ ಭೇದವು ತಿಳಿದಂತಾಗಲಿಲ್ಲ.

ಹಾಗೆಂದು ಈ ವಿವೇಕವು ಭಾರತೀಯರಿಗೆ ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ರಸದಿಂದ ಎಳೆಯಲ್ಪಟ್ಟು, ಬೇರೆ ಪ್ರಯತ್ನವಿಲ್ಲದೆ ತಾನಾಗಿ ಹುಟ್ಟಿದ ಅಲಂಕಾರವೇ ಧ್ವನಿಕಾವ್ಯದಲ್ಲಿ ಅಲಂಕಾರವೆಂದು ನಿರ್ಣಯಿಸಿದನು. ವಿರಹದ ಎಡೆಯಲ್ಲಿ ಯಮಕವನ್ನು ಹೆಣೆಯಹೊರಟರೆ ಸಮರ್ಥಕವಿಗೂ ಅದು ಪ್ರಮಾದವೆಂದು ಎಚ್ಚರಿಸಿದನು. ಬೇರೆ ಪ್ರಯತ್ನದಿಂದ ತಂದು ಇಟ್ಟದ್ದು, ರಸದ ಕಾವಿನಲ್ಲಿ ಒಡಮೂಡಿದ್ದು ಎಂಬ ಈ ವಿಭಾಗಕ್ಕೂ ಕೋಲ್‌ರಿಜನ ವಿಭಾಗಕ್ಕೂ ದಾರಿ ಬೇರೆ, ಊರು ಹತ್ತಿರ. ಒಬ್ಬನು ಕವಿಮನಸ್ಸಿನ ಕಡೆಯಿಂದ ನೋಡಿದನು, ಮತ್ತೊಬ್ಬನು ರಸದ ಕಡೆಯಿಂದ ನೋಡಿದನು.

ಕನ್ನಡಕಾವ್ಯದಲ್ಲಿ ಇದನ್ನು ಒರೆಹಚ್ಚಿ ನೋಡಬಹುದು. ಕುಮಾರವ್ಯಾಸನು ಕಾವ್ಯಾರಂಭದಲ್ಲಿ ರಾಮಾಯಣದ ಕವಿಗಳ ಭಾರಕ್ಕೆ ಭೂಮಿಯನ್ನು ಹೊತ್ತ ಆದಿಶೇಷನೂ ತಿಣುಕಿದನೆಂದು ನಗಿಸುತ್ತಾನೆ. ಕವಿಗಳ ಸಂಖ್ಯೆ, ಸರ್ಪದ ಹೆಡೆ, ಭಾರ ಇವು ಒಂದು ಕ್ಷಣ ಕೈಕೈ ಹಿಡಿದು ಬೇರೆಯಾಗುತ್ತವೆ. ಇದು ಫ್ಯಾನ್ಸಿಯ ನಗು; ಅದೆಷ್ಟು ಹಿತವಾದುದು! ರನ್ನನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ಆ ನೀರಿನಲ್ಲಿಯೇ ಬೆವರುತ್ತಾನೆ. ಇಲ್ಲಿ ಹೋಲಿಕೆಯೇ ಇಲ್ಲ. ನೀರು, ಬೆವರು, ರೋಷ, ಅವಮಾನ, ಸರ್ಪಧ್ವಜನಾದ ದೊರೆಯು ಹಾವಿನಂತೆ ಅಡಗಬೇಕಾದ ದೈವದ ಅಣಕ, ಇವೆಲ್ಲ ಒಂದೇ ಮಾತಿನಲ್ಲಿ ಕುದಿಯುತ್ತಿವೆ. ತಂಪಾದ ನೀರಿನಿಂದ ಬೆವರನ್ನು ಬೇರ್ಪಡಿಸಲು ಯಾರಿಗೆ ಸಾಧ್ಯ? ಈ ಎರಡು ಎಡೆಗಳಿಗೂ ‘ಒಳ್ಳೆಯ ಕಲ್ಪನೆ’ ಎಂಬ ಒಂದೇ ಮುದ್ರೆಯನ್ನು ಒತ್ತಿದರೆ ರನ್ನನಿಗೂ ಅನ್ಯಾಯ, ಕುಮಾರವ್ಯಾಸನಿಗೂ ಅನ್ಯಾಯ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಭೇದವನ್ನು ತಿಳಿದವರು ಫ್ಯಾನ್ಸಿಯನ್ನು ಹಳಿಯುವ ಉತ್ಸಾಹಕ್ಕೆ ಬೀಳಬಾರದು. ಇಂಗ್ಲಿಷಿನಲ್ಲಿ ಆದುದು ಅದೇ. ಒಂದಕ್ಕೆ ಸಿಂಹಾಸನವನ್ನು ಕೊಟ್ಟು ಮತ್ತೊಂದನ್ನು ಬಳೆಯಂಗಡಿಗೆ ಕಳುಹಿಸಿದರು. ಕನ್ನಡದಲ್ಲಿ ‘ಚಮತ್ಕಾರ’ಕ್ಕೂ ಅಂಥದೇ ಗತಿ ಬಂದಿದೆ. ಆಲಂಕಾರಿಕರಲ್ಲಿ ರಸಾನಂದದ ವಿಸ್ಮಯಕ್ಕೆ ಹೆಸರಾಗಿದ್ದ ಪದವು ಆಡುಮಾತಿನಲ್ಲಿ ಕೈಚಳಕದ ಹೆಸರಾಗಿದೆ. ಬಳೆಯಂಗಡಿಯೂ ಊರಿಗೆ ಬೇಕು. ಹಬ್ಬದ ದಿನ ಬಾಗಿಲಿಗೆ ತೋರಣ ಕಟ್ಟುವುದು ತಪ್ಪಲ್ಲ. ತೋರಣವನ್ನೇ ತೊಲೆಯೆಂದು ತಿಳಿದು ಮಾಡಿನ ಭಾರವನ್ನು ಅದರ ಮೇಲೆ ಹೊರಿಸುವುದು ತಪ್ಪು.

ಆದುದರಿಂದ ಕನ್ನಡಕ್ಕೆ ಸದ್ಯದಲ್ಲಿ ಬೇಕಾದುದು ಎರಡು ಹೊಸ ಪಾರಿಭಾಷಿಕ ಪದಗಳಲ್ಲ. ಪದಗಳು ಬಳಕೆಯಿಂದ ತಾವಾಗಿ ಬಿಡಿಸಿಕೊಳ್ಳುತ್ತವೆ, ಅನ್ನವೂ ಕೂಳೂ ಬಿಡಿಸಿಕೊಂಡಂತೆ. ಬೇಕಾದುದು, ಒಂದು ಪದ್ಯವನ್ನು ಓದಿ ಮುಗಿಸಿದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ. ಇಲ್ಲಿ ಜೊತೆಗೂಡಿದ ವಸ್ತುಗಳು ಜೊತೆಗೂಡಿದ ಮೇಲೆ ಬದಲಾದುವೆ? ಒಂದನ್ನು ತೆಗೆದು ಮತ್ತೊಂದನ್ನು ಇಟ್ಟರೆ ಏನಾದರೂ ಕೆಡುವುದೆ? ಮನೆಯಲ್ಲಿ ಸಂಜೆ ಗದುಗಿನ ಭಾರತವನ್ನು ಓದಿಸಿ ಕೇಳುವ ಅಜ್ಜಿಯೂ ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲಳು. ಶಾಸ್ತ್ರವನ್ನು ಓದದಿದ್ದರೂ ಎಲ್ಲಿ ನಗಬೇಕು, ಎಲ್ಲಿ ಸುಮ್ಮನಾಗಿ ಕಣ್ಣೊರಸಿಕೊಳ್ಳಬೇಕು ಎಂಬುದು ಅವಳಿಗೆ ಗೊತ್ತು. ಕೋಲ್‌ರಿಜನು ಇಪ್ಪತ್ತು ವರ್ಷ ತತ್ತ್ವಶಾಸ್ತ್ರಗಳಲ್ಲಿ ಅರಸಿದ ಭೇದವು ಮೊದಲು ಅವನಿಗೆ ತಿಳಿದುದೂ ಹೀಗೆಯೇ, ಗೆಳೆಯನ ಬಾಯಿಂದ ಒಂದು ಕವನವನ್ನು ಕೇಳುತ್ತ ಕುಳಿತಾಗ.